ಹ್ಯಾಂಗ್ ಆದ ಲ್ಯಾಪ್‌ಟಾಪ್ ಯಾವುದಕ್ಕಾಗಿ ಕಾಯುತ್ತಿದೆ?

ಮನೆಬಳಕೆಯ ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆಗುವುದು, ಅಂದರೆ ಪರದೆಯ ಮೇಲಿನ ಚಿತ್ರ ಇದ್ದಂತೆಯೇ ಉಳಿದು ಕೀಲಿಮಣೆಗಾಗಲಿ ಮೌಸ್‌ಗಾಗಲಿ ಯಂತ್ರ ಸ್ಪಂದಿಸದಿರುವುದು, ಹಲವು ಬೇರೆ ಬೇರೆ ದೋಷಗಳು ತೋರುವ ಒಂದೇ ಲಕ್ಷಣ. ಸಾಲದ ರ‍್ಯಾಮ್, ಸವೆದ ಹಾರ್ಡ್ ಡಿಸ್ಕ್, ಧೂಳು ಕಟ್ಟಿದ ಫ್ಯಾನ್, ದೋಷಯುಕ್ತ ಡ್ರೈವರ್ ಇವು ಒಂದಕ್ಕೊಂದು ಸಂಬಂಧವಿಲ್ಲದ ಕಾರಣಗಳಾದರೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಇವುಗಳಲ್ಲಿ ಬಹುಪಾಲಿಗೆ ಸಮಾನವಾದ ಒಂದು ಅಂಶವಿದೆ. ಸೆಕೆಂಡಿಗೆ 200 ಕೋಟಿ ಅಥವಾ ಅದಕ್ಕೂ ಹೆಚ್ಚು ಮಿಡಿತಗಳ ವೇಗದಲ್ಲಿ ಓಡುವ ಪ್ರೊಸೆಸರ್, ತನಗಿಂತ ಬಹಳ ನಿಧಾನವಾದ ಮತ್ತೊಂದು ಭಾಗದಿಂದ ಬರಬೇಕಾದ ಮಾಹಿತಿಗಾಗಿ ಕಾಯುತ್ತಿರುತ್ತದೆ. ಆದ್ದರಿಂದ ದೋಷವನ್ನು ಪತ್ತೆ ಹಚ್ಚುವುದೆಂದರೆ ಯಂತ್ರ ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಕಂಡುಕೊಳ್ಳುವುದೇ ಆಗಿದೆ. ಅದಕ್ಕೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ವಿಂಡೋಸ್‌ನಲ್ಲೇ ಅಡಕವಾಗಿವೆ.

ಮೊದಲು ತಿಳಿಯಬೇಕಾದುದು ನಿಂತಿರುವುದು ಒಂದು ತಂತ್ರಾಂಶವೋ ಇಡೀ ಯಂತ್ರವೋ ಎಂಬುದು. 1990ರ ದಶಕದ ಆರಂಭದಲ್ಲಿ ಬಳಕೆಯಲ್ಲಿದ್ದ ವಿಂಡೋಸ್ 3.1ರಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಸರದಿ ಮುಗಿದ ಮೇಲೆ ಪ್ರೊಸೆಸರನ್ನು ತಾನಾಗಿಯೇ ಬಿಟ್ಟುಕೊಡಬೇಕಾಗಿತ್ತು. ಒಂದು ಬಿಟ್ಟುಕೊಡದಿದ್ದರೆ ಉಳಿದವೆಲ್ಲವೂ ಅದರ ಜೊತೆಗೇ ನಿಲ್ಲುತ್ತಿದ್ದವು. ಇಂದಿನ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರದ ಎಲ್ಲ ಭಾಗಗಳನ್ನೂ ನಿರ್ವಹಿಸುವ ಮೂಲ ತಂತ್ರಾಂಶ, ಪ್ರತಿಯೊಂದಕ್ಕೂ ಕೆಲವೇ ಮಿಲಿಸೆಕೆಂಡುಗಳ ಪಾಳಿ ಕೊಟ್ಟು, ಅವಧಿ ಮುಗಿದೊಡನೆ ಪ್ರೊಸೆಸರನ್ನು ಕಿತ್ತುಕೊಂಡು ಮುಂದಿನದಕ್ಕೆ ಒಪ್ಪಿಸುತ್ತದೆ. ಹೀಗಾಗಿ ಒಂದು ತಂತ್ರಾಂಶ ಕೆಟ್ಟರೆ ಸಾಮಾನ್ಯವಾಗಿ ಅದರ ಕಿಟಕಿಯಷ್ಟೇ ಬಿಳಿಚಿಕೊಂಡು, ಅದರ ಹೆಸರಿನ ಮುಂದೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಒಕ್ಕಣೆ ಮೂಡುತ್ತದೆ.

ಈ ಒಕ್ಕಣೆಯ ಹಿಂದಿನ ನಿಯಮ ಬಹಳ ಸರಳವಾದದ್ದು. ಬಳಕೆದಾರರ ಕ್ಲಿಕ್ಕು, ಕೀಲಿಯೊತ್ತುಗಳನ್ನು ವಿಂಡೋಸ್ ಸಂದೇಶಗಳ ರೂಪದಲ್ಲಿ ತಂತ್ರಾಂಶಕ್ಕೆ ತಲುಪಿಸುತ್ತದೆ. 5 ಸೆಕೆಂಡುಗಳ ಕಾಲ ಆ ತಂತ್ರಾಂಶ ಸಂದೇಶಗಳತ್ತ ತಿರುಗಿಯೂ ನೋಡದಿದ್ದರೆ ಅದು ಸ್ಪಂದಿಸುತ್ತಿಲ್ಲವೆಂದು ಘೋಷಿಸುತ್ತದೆ. ಇದಕ್ಕಿಂತ ಖಚಿತವಾದ ತೀರ್ಪನ್ನು ಯಾವ ವ್ಯವಸ್ಥೆಯೂ ಎಲ್ಲ ಸಂದರ್ಭಗಳಲ್ಲಿ ಕೊಡಲಾರದು ಎಂಬುದಕ್ಕೆ ಗಣಿತದ ಆಧಾರವೇ ಇದೆ. ಒಂದು ಲೆಕ್ಕ ಎಂದಾದರೂ ಮುಗಿಯುವುದೋ ಅಥವಾ ಕೊನೆಯಿಲ್ಲದೆ ಸುತ್ತುತ್ತಲೇ ಇರುವುದೋ ಎಂಬುದನ್ನು ಯಾವುದೇ ಲೆಕ್ಕದ ಬಗ್ಗೆಯೂ ಮುಂಚಿತವಾಗಿ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲು ಸಾಧ್ಯವಿಲ್ಲವೆಂಬ ತೀರ್ಮಾನ, ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಿಂದ ಹೊರಟದ್ದು. ಹಾಗಾಗಿ ‘ನಾಟ್ ರೆಸ್ಪಾಂಡಿಂಗ್’ ಎಂಬುದು ಒಂದು ಅಂದಾಜು ಮಾತ್ರ. ದೊಡ್ಡ ಕಡತವನ್ನು ತೆರೆಯುತ್ತಿರುವ ತಂತ್ರಾಂಶ ಒಂದೆರಡು ನಿಮಿಷ ಕಾದರೆ ತಾನಾಗಿಯೇ ಚೇತರಿಸಿಕೊಳ್ಳಬಹುದು.

ಇಡೀ ಪರದೆಯೇ ನಿಂತಿದ್ದರೆ ಕ್ಯಾಪ್ಸ್‌ಲಾಕ್ ಕೀಲಿಯನ್ನು ಒತ್ತಿ ನೋಡುವುದು ಉಪಯುಕ್ತ. ಆ ಕೀಲಿಯ ಪುಟ್ಟ ದೀಪವನ್ನು ಉರಿಸುವುದು ಅಥವಾ ಆರಿಸುವುದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ಆದೇಶದಿಂದಲೇ ಆದುದರಿಂದ, ಒತ್ತಿದಾಗಲೆಲ್ಲ ದೀಪ ಬದಲಾಗುತ್ತಿದ್ದರೆ ವ್ಯವಸ್ಥೆಯ ತಿರುಳು ಇನ್ನೂ ಜೀವಂತವಾಗಿದೆ ಎಂದು ಭಾವಿಸಬಹುದು. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಓಡುತ್ತಿರುವ ತಂತ್ರಾಂಶಗಳ ಪಟ್ಟಿಯನ್ನೂ ಅವು ಬಳಸುತ್ತಿರುವ ಸಂಪನ್ಮೂಲಗಳನ್ನೂ ತೋರಿಸುವ ಟಾಸ್ಕ್ ಮ್ಯಾನೇಜರನ್ನು ತೆರೆಯಲು ಯತ್ನಿಸಬೇಕು. ಅದು ತೆರೆದುಕೊಳ್ಳಲು ಒಂದು ನಿಮಿಷ ಹಿಡಿದರೂ ಕಾಯುವುದು ಲೇಸು. ದೀಪ ಬದಲಾಗದೆ, ಯಾವ ಕೀಲಿಗೂ ಉತ್ತರ ಬಾರದಿದ್ದಾಗ ಮಾತ್ರ ಪವರ್ ಗುಂಡಿಯನ್ನು ಹಲವು ಸೆಕೆಂಡು ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕಾಗುತ್ತದೆ. ಹೀಗೆ ಆರಿಸಿದಾಗ ಡಿಸ್ಕಿಗೆ ಇನ್ನೂ ಬರೆಯದೆ ರ‍್ಯಾಮ್‌ನಲ್ಲೇ ಉಳಿದಿದ್ದ ಮಾಹಿತಿ ನಷ್ಟವಾಗುವುದರಿಂದ ಇದು ಕೊನೆಯ ಉಪಾಯ.

ಹಳೆಯ ಮನೆಬಳಕೆಯ ಲ್ಯಾಪ್‌ಟಾಪುಗಳಲ್ಲಿ ಅತಿ ಸಾಮಾನ್ಯವಾದ ಕಾರಣ ರ‍್ಯಾಮ್‌ನ ಕೊರತೆ. ಪ್ರೊಸೆಸರ್ ಸದ್ಯದಲ್ಲಿ ಬಳಸುತ್ತಿರುವ ಮಾಹಿತಿಯೆಲ್ಲ ರ‍್ಯಾಮ್‌ನಲ್ಲಿ ಇರಬೇಕು. ಅದು ತುಂಬಿಹೋದಾಗ, ಆ ಕ್ಷಣಕ್ಕೆ ಬೇಡವಾದ ಭಾಗಗಳನ್ನು ಆಪರೇಟಿಂಗ್ ಸಿಸ್ಟಮ್ 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸಿ ಡಿಸ್ಕಿಗೆ ಸಾಗಿಸುತ್ತದೆ; ಬೇಕಾದಾಗ ಮರಳಿ ತರುತ್ತದೆ. ಇದ್ದುದಕ್ಕಿಂತ ಹೆಚ್ಚು ರ‍್ಯಾಮ್ ಇದೆಯೆಂಬ ತೋರಿಕೆಯನ್ನು ಸೃಷ್ಟಿಸುವ ಈ ಏರ್ಪಾಟಿಗೆ ವರ್ಚುವಲ್ ಮೆಮೊರಿ ಎಂದು ಹೆಸರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಕಂಪ್ಯೂಟರಿನಲ್ಲಿ ಇದು ಮೊದಲು ಬಳಕೆಗೆ ಬಂತು. ಇದರ ತೊಡಕು ವೇಗದ ಅಂತರದಲ್ಲಿದೆ. ರ‍್ಯಾಮ್‌ನಿಂದ ಒಂದು ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರುವಷ್ಟರಲ್ಲಿ 10 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ರ‍್ಯಾಮ್‌ನ ಕೆಲಸಕ್ಕೆ 1 ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಅದೇ ಅಳತೆಯಲ್ಲಿ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಸುಮಾರು ಕಾಲು ಗಂಟೆ ಬೇಕಾದರೆ ಹಾರ್ಡ್ ಡಿಸ್ಕಿಗೆ ಒಂದು ದಿನಕ್ಕೂ ಮಿಗಿಲಾದ ಕಾಲ ಬೇಕಾಗುತ್ತದೆ.

ತೆರೆದಿಟ್ಟ ತಂತ್ರಾಂಶಗಳೆಲ್ಲಕ್ಕೂ ಏಕಕಾಲಕ್ಕೆ ಬೇಕಾದ ಪುಟಗಳು ರ‍್ಯಾಮ್‌ನಲ್ಲಿ ಹಿಡಿಸದಿದ್ದಾಗ, ಈಗಷ್ಟೇ ಹೊರಹಾಕಿದ ಪುಟವನ್ನೇ ಮರುಗಳಿಗೆಯಲ್ಲಿ ಕರೆತರಬೇಕಾಗಿ, ಅದಕ್ಕೆ ಜಾಗ ಮಾಡಲು ಮತ್ತೊಂದನ್ನು ಹೊರಹಾಕಬೇಕಾಗಿ, ಯಂತ್ರ ತನ್ನ ಸಮಯವನ್ನೆಲ್ಲ ಸಾಗಾಟದಲ್ಲೇ ಕಳೆಯುತ್ತದೆ. ಥ್ರ್ಯಾಶಿಂಗ್ ಎಂದು ಕರೆಯಲಾಗುವ ಈ ಸ್ಥಿತಿಯನ್ನು 1968ರಲ್ಲಿ ವಿವರವಾಗಿ ವಿಶ್ಲೇಷಿಸಿದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್, ಪ್ರತಿ ತಂತ್ರಾಂಶಕ್ಕೂ ಒಂದು ಅವಧಿಯಲ್ಲಿ ನಿಜವಾಗಿ ಬೇಕಾಗುವ ಪುಟಗಳ ಗುಂಪೊಂದಿರುತ್ತದೆಂದೂ ಅಂಥ ಗುಂಪುಗಳ ಮೊತ್ತ ರ‍್ಯಾಮ್‌ನ ಅಳತೆಯನ್ನು ಮೀರಿದೊಡನೆ ಯಂತ್ರದ ಕಾರ್ಯಕ್ಷಮತೆ ಹಂತಹಂತವಾಗಿ ಇಳಿಯದೆ ಒಮ್ಮೆಲೇ ಕುಸಿಯುತ್ತದೆಂದೂ ತೋರಿಸಿದರು. ಹತ್ತು ಟ್ಯಾಬ್‌ಗಳವರೆಗೆ ಸರಾಗವಾಗಿದ್ದ ಬ್ರೌಸರ್ ಹನ್ನೊಂದನೆಯದಕ್ಕೆ ಇಡೀ ಲ್ಯಾಪ್‌ಟಾಪನ್ನೇ ಕಟ್ಟಿಹಾಕುವುದು ಈ ಕಾರಣದಿಂದ.

ಇದರ ಗುರುತು ಟಾಸ್ಕ್ ಮ್ಯಾನೇಜರಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಸಿಪಿಯು (ಪ್ರೊಸೆಸರ್) ಬಳಕೆ ಕಡಿಮೆಯಿದ್ದು, ಮೆಮೊರಿ (ರ‍್ಯಾಮ್) ಬಳಕೆ ಶೇಕಡಾ 90 ದಾಟಿ, ಡಿಸ್ಕ್ ಬಳಕೆ ಶೇಕಡಾ 100ರಲ್ಲಿ ನಿಂತಿದ್ದು, ಅದರ ಕೆಳಗೆ ಕಾಣಿಸುವ ಓದು–ಬರಹದ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಮೆಗಾಬೈಟಿಗೂ ಏರದಿದ್ದರೆ ಅದು ಥ್ರ್ಯಾಶಿಂಗ್. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಡಿಸ್ಕಿನ ಈ ಎರಡು ಅಂಕಿಗಳಿಗೆ ವಿವರಣೆಯಿದೆ. ಒಂದರ ಪಕ್ಕ ಒಂದಿರುವ ಮಾಹಿತಿಯನ್ನು ಸೆಕೆಂಡಿಗೆ 100 ಮೆಗಾಬೈಟಿನಷ್ಟು ಓದಬಲ್ಲ ಡಿಸ್ಕು, ಅಲ್ಲಲ್ಲಿ ಚದುರಿದ ಪುಟಗಳನ್ನು ಸೆಕೆಂಡಿಗೆ 80ರಷ್ಟು ಮಾತ್ರ ಹೆಕ್ಕಬಲ್ಲುದು. ಪುಟಕ್ಕೆ 4 ಕಿಲೋಬೈಟಿನಂತೆ ಲೆಕ್ಕ ಹಾಕಿದರೆ ಅದು 320 ಕಿಲೋಬೈಟಿಗೆ ಬಂದು ನಿಲ್ಲುತ್ತದೆ. ಮೆಮೊರಿ ಖಾಲಿಯಿದ್ದೂ ಡಿಸ್ಕ್ ಶೇಕಡಾ 100 ತೋರುತ್ತಿದ್ದರೆ ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ತಪಾಸಣೆ, ಕಡತಗಳ ಸೂಚಿ ತಯಾರಿಕೆಯಂಥ ಹಿನ್ನೆಲೆ ಕೆಲಸಗಳು ಕಾರಣವಾಗಿರಬಹುದು. ಇವು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಮುಗಿಯುತ್ತವೆ. ಮೆಮೊರಿಯೇ ತುಂಬುತ್ತಿದ್ದರೆ ಯಂತ್ರದ ಜೊತೆಗೇ ಚಾಲೂ ಆಗುವ ಅನಗತ್ಯ ತಂತ್ರಾಂಶಗಳನ್ನು ಸ್ಟಾರ್ಟ್‌ಅಪ್ ಪಟ್ಟಿಯಿಂದ ತೆಗೆಯುವುದು, 4 ಗಿಗಾಬೈಟ್ ರ‍್ಯಾಮ್ ಇರುವಲ್ಲಿ 8ಕ್ಕೆ ಏರಿಸುವುದು, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಪರಿಹಾರಗಳು.

ಡಿಸ್ಕ್ ಕೆಲಸದ ಹೊರೆಯಿಂದಲ್ಲದೆ ಸವೆತದಿಂದ ನಿಧಾನವಾಗಿದ್ದರೆ ಪರಿಸ್ಥಿತಿ ಗಂಭೀರ. ಹಾರ್ಡ್ ಡಿಸ್ಕಿನ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ತುಣುಕುಗಳಾಗಿ ವಿಂಗಡಿಸಲಾಗಿರುತ್ತದೆ. ಒಂದು ಸೆಕ್ಟರ್ ಓದಲು ಬಾರದಿದ್ದಾಗ ಡಿಸ್ಕ್ ತಕ್ಷಣ ಸೋಲೊಪ್ಪಿಕೊಳ್ಳದೆ ಮತ್ತೆ ಮತ್ತೆ ಯತ್ನಿಸುತ್ತದೆ. ಆ ಹಲವು ಸೆಕೆಂಡುಗಳ ಕಾಲ ಅದನ್ನು ನಂಬಿಕೊಂಡ ತಂತ್ರಾಂಶಗಳೆಲ್ಲ ಸ್ತಬ್ಧವಾಗಿರುತ್ತವೆ. ನಿರ್ದಿಷ್ಟ ಕಡತ ಅಥವಾ ಫೋಲ್ಡರ್ ತೆರೆದಾಗಲೆಲ್ಲ ಯಂತ್ರ ಹ್ಯಾಂಗ್ ಆಗುವುದು, ಜೊತೆಗೆ ಟಕ್ ಟಕ್ ಸದ್ದು ಕೇಳಿಸುವುದು ಇದರ ಸೂಚನೆ. ವಿಂಡೋಸ್‌ನ ಈವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ‘ಡಿಸ್ಕ್’ ಹೆಸರಿನಡಿ 7 ಎಂಬ ಸಂಖ್ಯೆಯ ನಮೂದಿದ್ದರೆ ಕೆಟ್ಟ ಸೆಕ್ಟರ್ ಸಿಕ್ಕಿದೆಯೆಂದೂ 153 ಇದ್ದರೆ ಓದು–ಬರಹವನ್ನು ಮರುಯತ್ನಿಸಬೇಕಾಯಿತೆಂದೂ ಅರ್ಥ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ವಿವರಪಟ್ಟಿಯೂ ಇದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ಓದಿ, ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಮತ್ತು ತೀರ್ಮಾನಕ್ಕೆ ಬಾಕಿಯಿರುವ ಸೆಕ್ಟರುಗಳ ಲೆಕ್ಕವನ್ನು ತೋರಿಸುತ್ತದೆ.

ಈ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ತಪಾಸಣೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚಾಗಿತ್ತು; ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಪ್ರಬಲವೆನಿಸಿದ ನಾಲ್ಕು ಸ್ಮಾರ್ಟ್ ಸೂಚಕಗಳಲ್ಲಿ ಒಂದನ್ನೂ ತೋರಿರಲಿಲ್ಲ. ಅಂದರೆ ಪಟ್ಟಿ ಎಚ್ಚರಿಕೆ ಕೊಟ್ಟರೆ ನಂಬಲೇಬೇಕು, ಕೊಡದಿದ್ದರೆ ನಿಶ್ಚಿಂತರಾಗಬಾರದು. ಸಂಶಯ ಬಂದ ಕೂಡಲೇ ಮಾಡಬೇಕಾದುದು ಫೋಟೋ, ದಾಖಲೆಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳುವುದು. ಚೆಕ್‌ಡಿಸ್ಕ್‌ನಂಥ ದುರಸ್ತಿ ತಪಾಸಣೆ ಇಡೀ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುವುದರಿಂದ ಅದನ್ನು ನಕಲಿನ ನಂತರವೇ ನಡೆಸಬೇಕು.

ಶಾಖದ ಪರಿಣಾಮ ಬೇರೆ ಬಗೆಯದು. ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಅಂಟಿಕೊಂಡ ಚಪ್ಪಟೆ ತಾಮ್ರದ ಕೊಳವೆಯೊಳಗೆ ಅಲ್ಪ ಪ್ರಮಾಣದ ದ್ರವವಿರುತ್ತದೆ; ಅದು ಬಿಸಿಯಾದ ತುದಿಯಲ್ಲಿ ಆವಿಯಾಗಿ, ಫ್ಯಾನಿನ ಬಳಿಯ ತುದಿಯಲ್ಲಿ ತಣಿದು ಮತ್ತೆ ದ್ರವವಾಗಿ ಹಿಂದಿರುಗುತ್ತಾ ಶಾಖವನ್ನು ಹೊರಗೆ ಸಾಗಿಸುತ್ತದೆ. ಫ್ಯಾನು ಮತ್ತು ಲೋಹದ ರೆಕ್ಕೆಗಳ ನಡುವೆ ಧೂಳು ಹತ್ತಿಯಂತೆ ಒತ್ತಾಗಿ ಕೂತರೆ, ಅಥವಾ ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ, ಈ ಸಾಗಾಟ ಕುಂಠಿತವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿಯಾಗಿರುವುದರಿಂದ ಕಷ್ಟ ಇನ್ನೂ ಹೆಚ್ಚು. ಪ್ರೊಸೆಸರ್ ತನ್ನ ಮಿತಿಯನ್ನು, ಹಲವು ಇಂಟೆಲ್ ಮಾದರಿಗಳಲ್ಲಿ 100 ಡಿಗ್ರಿ ಸೆಲ್ಸಿಯಸನ್ನು, ಮುಟ್ಟಿದಾಗ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಒಮ್ಮೆಲೇ ಆರಿಹೋಗುತ್ತದೆ. ಆದ್ದರಿಂದ ಚಾಲೂ ಮಾಡಿ ಸ್ವಲ್ಪ ಹೊತ್ತಿನ ಮೇಲೆ, ಫ್ಯಾನಿನ ಸದ್ದು ಜೋರಾದ ನಂತರ ಬರುವ ನಿಧಾನಗತಿ ಶಾಖದ ಕುರುಹು. ಧೂಳು ತೆಗೆಸಿ, ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಒಣಗಿಹೋದ ಥರ್ಮಲ್ ಪೇಸ್ಟ್ ಬದಲಿಸಿದರೆ ಇದು ಬಹುಮಟ್ಟಿಗೆ ಗುಣವಾಗುತ್ತದೆ. ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗದಿರುವುದು ಮಾತ್ರ ಹ್ಯಾಂಗ್ ಅಲ್ಲ. ಅದು ಬ್ಯಾಟರಿ ಉಬ್ಬಿರುವುದರ ಲಕ್ಷಣವಾಗಿರಬಹುದಾದ್ದರಿಂದ ಯಂತ್ರದ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು.

ಡಿಸ್ಕಿನ ದೀಪ ಮಿಟುಕದೆ, ಶಾಖವೂ ಇಲ್ಲದೆ ಯಂತ್ರ ಥಟ್ಟನೆ ಸ್ತಬ್ಧವಾಗುತ್ತಿದ್ದರೆ ಸಂಶಯ ಡ್ರೈವರ್ ಅಥವಾ ರ‍್ಯಾಮ್ ಕಡೆಗೆ ಹೊರಳುತ್ತದೆ. ಯಂತ್ರಾಂಶಕ್ಕೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ಕೊಂಡಿಯಾದ ಡ್ರೈವರ್ ಬಹುಮಟ್ಟಿಗೆ ವ್ಯವಸ್ಥೆಯ ತಿರುಳಿನಲ್ಲೇ ಕೆಲಸ ಮಾಡುವುದರಿಂದ ಅದರ ತಪ್ಪು ಒಂದು ಕಿಟಕಿಗೆ ಸೀಮಿತವಾಗದೆ ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ. ಪರದೆ ಒಮ್ಮೆ ಮಿನುಗಿ ಯಂತ್ರ ಮರಳಿದರೆ ದೋಷ ಅಲ್ಲಿಯೇ ಇರುವ ಸಂಭವ ಹೆಚ್ಚು. ರ‍್ಯಾಮ್‌ನ ಪರೀಕ್ಷೆಗೆ ವಿಂಡೋಸ್ ಮೆಮೊರಿ ಡಯಾಗ್ನಸ್ಟಿಕ್ ಇದೆ. ಯಂತ್ರಾಂಶದ ದೋಷವನ್ನೂ ತಂತ್ರಾಂಶದ ದೋಷವನ್ನೂ ಬೇರ್ಪಡಿಸಲು ಇನ್ನೊಂದು ಉತ್ತಮ ಉಪಾಯವೆಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಕೆಲವು ಗಂಟೆ ನಡೆಸಿ ನೋಡುವುದು: ಅಲ್ಲಿಯೂ ಹ್ಯಾಂಗ್ ಆದರೆ ದೋಷ ಯಂತ್ರಾಂಶದ್ದೆಂದು ಬಹುಪಾಲು ಖಚಿತ, ಆಗದಿದ್ದರೆ ವಿಂಡೋಸ್, ಅದರ ಡ್ರೈವರುಗಳು ಅಥವಾ ಆ ಪರೀಕ್ಷೆಯಲ್ಲಿ ಬಳಕೆಯಾಗದ ಡಿಸ್ಕು ಉಳಿಯುತ್ತವೆ.

ರೂಢಿಯಲ್ಲಿರುವ ಪರಿಹಾರವಾದರೋ ಇವೆಲ್ಲವನ್ನೂ ಬದಿಗಿಟ್ಟು ‘ಫಾರ್ಮ್ಯಾಟ್ ಮಾಡಿಸುವುದು’. ಅದು ಎಷ್ಟೋ ಸಲ ಫಲಿಸಿದಂತೆ ಕಾಣುವುದಕ್ಕೆ ಕಾರಣ ಉಂಟು. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಹಿನ್ನೆಲೆ ತಂತ್ರಾಂಶಗಳು ಕಡಿಮೆಯಿರುವುದರಿಂದ ರ‍್ಯಾಮ್ ಬಿಡುವಾಗುತ್ತದೆ. ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆಯುವಾಗ ಡಿಸ್ಕ್ ಅದನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಬದಲಿ ಜಾಗವನ್ನು ಗೊತ್ತುಮಾಡಿಕೊಳ್ಳುತ್ತದೆ. ಆದರೆ ತಂತ್ರಾಂಶಗಳು ಮತ್ತೆ ತುಂಬಿಕೊಂಡಾಗ ರ‍್ಯಾಮ್ ಮತ್ತೆ ಸಾಲದಾಗುತ್ತದೆ; ಸವೆಯುತ್ತಿರುವ ಡಿಸ್ಕಿನಲ್ಲಿ ಹೊಸ ಕೆಟ್ಟ ಸೆಕ್ಟರುಗಳು ಹುಟ್ಟುತ್ತಲೇ ಇರುತ್ತವೆ; ಧೂಳಂತೂ ಅಲ್ಲೇ ಉಳಿದಿರುತ್ತದೆ. ಮೂಲ ಕಾರಣ ಉಳಿದುಕೊಂಡು ಅದರ ಸುಳಿವು ಕೊಡುತ್ತಿದ್ದ ವಿಂಡೋಸ್ ದಾಖಲೆಗಳು ಅಳಿಸಿಹೋಗುವುದರಿಂದ ಮುಂದಿನ ತಪಾಸಣೆ ಹಿಂದಿನದಕ್ಕಿಂತ ಕಷ್ಟವಾಗುತ್ತದೆ. ಆದುದರಿಂದ ಹ್ಯಾಂಗ್ ಆದ ವೇಳೆ, ಆಗ ತೆರೆದಿದ್ದ ತಂತ್ರಾಂಶಗಳು, ಟಾಸ್ಕ್ ಮ್ಯಾನೇಜರಿನ ಸಿಪಿಯು, ಮೆಮೊರಿ, ಡಿಸ್ಕ್ ಅಂಕಿಗಳು ಇವಿಷ್ಟನ್ನು ಗುರುತು ಹಾಕಿಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರಿಣಾಮವನ್ನು ಗಮನಿಸುವುದು ಸರಿಯಾದ ಕ್ರಮ. ಹೀಗೆ ಮಾಡಿದಾಗ ಖರ್ಚು ಮಾಡಬೇಕಾದುದು ರ‍್ಯಾಮ್‌ಗೋ ಡಿಸ್ಕಿಗೋ ಅಥವಾ ಬರಿಯ ಧೂಳು ತೆಗೆಸುವುದಕ್ಕೋ ಎಂಬುದು ಯಂತ್ರವನ್ನು ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿದಿರುತ್ತದೆ.