ನಮ್ಮ ಮಳೆ, ನಮ್ಮ ಬೆಳೆ: ಬಿತ್ತುವ ಮೊದಲು ಒಂದು ಲೆಕ್ಕ



ಯುಗಾದಿ ಕಳೆದು ಅಶ್ವಿನಿ ಮಳೆ ಹತ್ತಿರ ಬಂತೆಂದರೆ ಸಂಘದ ಸಭೆಗಳಲ್ಲಿ ಸಾಲದ ಬೇಡಿಕೆ ಶುರುವಾಗುತ್ತದೆ. ಬೀಜಕ್ಕೆ, ಗೊಬ್ಬರಕ್ಕೆ, ಟ್ರ್ಯಾಕ್ಟರ್ ಬಾಡಿಗೆಗೆ. ಯಾರಿಗೆ ಎಷ್ಟು ಕೊಡಬೇಕು ಅಂತ ಬಹಳ ಹೊತ್ತು ಚರ್ಚೆ ಮಾಡುತ್ತೇವೆ. ಆದರೆ ಯಾವ ಬೆಳೆಗೆ ಈ ಸಾಲ, ಅದನ್ನು ಯಾವ ಮಳೆಗೆ ಬಿತ್ತುತ್ತೀರಿ, ಯಾವ ತಿಂಗಳು ಕೈಗೆ ಬರುತ್ತದೆ ಅಂತ ಕೇಳುವುದು ಕಡಿಮೆ. ಈ ಸಲ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ. ಬೋರ್‌ವೆಲ್ ಇಲ್ಲದೆ ಮಳೆಯನ್ನೇ ನಂಬಿರುವ ಚಿತ್ರದುರ್ಗ, ತುಮಕೂರು, ಅರಸೀಕೆರೆ ಕಡೆಯ ಕೆಂಪು ಮಣ್ಣಿನ ಹೊಲಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ.

ಜೂನ್ ಮೊದಲ ವಾರ ಮುಂಗಾರು ಬಂತು ಅಂತ ರೇಡಿಯೋ, ಟಿ.ವಿ.ಯಲ್ಲಿ ಹೇಳುತ್ತಾರೆ. ಅದು ಅರಬ್ಬಿ ಸಮುದ್ರದ ಕಡೆಯಿಂದ ಬರುವ ನೈಋತ್ಯ ಮಾರುತ. ಮೋಡ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿದಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಘಟ್ಟ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಮೋಡ ಹಗುರಾಗಿರುತ್ತದೆ. ಚಳ್ಳಕೆರೆಯಲ್ಲಿ ವರ್ಷವೆಲ್ಲಾ ಸೇರಿ 500 ಮಿ.ಮೀ. ಆಸುಪಾಸು. ಹಾಗಾಗಿ ಜೂನ್ ಜುಲೈನಲ್ಲಿ ನಮ್ಮ ಬಯಲುಸೀಮೆಗೆ ಸಿಗುವುದು ಗಾಳಿ ಮತ್ತು ಸೋನೆ.

ನಮಗೆ ಜೋರು ಮಳೆ ಬರುವುದು ಎರಡು ಸಲ. ಒಂದು, ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ, ಬಿಸಿಲು ಕಾದು ಸಂಜೆ ಗುಡುಗು ಮಿಂಚಿನ ಜೊತೆ ಬರುವ ಮಳೆ. ಇನ್ನೊಂದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಆಗ ಗಾಳಿಯ ದಿಕ್ಕು ಬದಲಾಗುತ್ತಾ ಬಂಗಾಳ ಕೊಲ್ಲಿಯ ಕಡೆಯಿಂದಲೂ ಮೋಡ ಬರುತ್ತದೆ. ಇವೆರಡರ ನಡುವೆ ಒಂದು ಸಂದು ಇದೆ. ಎಷ್ಟೋ ವರ್ಷ ಜುಲೈ ಆಗಸ್ಟ್‌ನಲ್ಲಿ ಮೂರು ನಾಲ್ಕು ವಾರ ಹನಿಯೇ ಬೀಳುವುದಿಲ್ಲ. ಈ ಸಂದನ್ನು ಮರೆತು ಬಿತ್ತಿದವರೇ ಹೆಚ್ಚು ನಷ್ಟ ಮಾಡಿಕೊಳ್ಳುವುದು.

ನಮ್ಮ ಹಿರಿಯರು ಇದನ್ನು ಮಳೆ ನಕ್ಷತ್ರದಲ್ಲಿ ಲೆಕ್ಕ ಹಾಕಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆದ್ದರಿಂದ ಹಬ್ಬಗಳ ಹಾಗೆ ಇದು ಹಿಂದೆ ಮುಂದೆ ಆಗುವುದಿಲ್ಲ, ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಖು. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರಾ 22ಕ್ಕೆ, ಪುನರ್ವಸು ಜುಲೈ 6ಕ್ಕೆ ಹುಟ್ಟುತ್ತವೆ. ಭರಣಿ ಮಳೆ ಬಿದ್ದರೆ ಧರಣಿ ಎಲ್ಲಾ ಬೆಳೆ ಅನ್ನುವ ಮಾತು ನಿಮಗೆಲ್ಲಾ ಗೊತ್ತು. ಏಪ್ರಿಲ್ ಕೊನೆ, ಮೇ ಮೊದಲ ವಾರದ ಆ ಮಳೆಗೆ ಉಳುಮೆ ಆಗುತ್ತದೆ, ಎಳ್ಳು, ಹೆಸರು, ಅಲಸಂದೆ ಬಿತ್ತಬಹುದು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತಲೂ ಹೇಳ್ತಾರೆ. (ಮನೆ ಮಗಳೂ ಉಣ್ಣಲಿ ಅಂತ ನಾನು ಸೇರಿಸುತ್ತೇನೆ.) ಮಘೆ ಬರುವುದು ಆಗಸ್ಟ್ ಹದಿನೇಳರ ಸುಮಾರಿಗೆ, ಅಂದರೆ ಸರಿಯಾಗಿ ಆ ಸಂದಿನ ಕೊನೆಗೆ. ಆಗ ಬಂದ ಒಂದು ಹದ ಮಳೆಯ ಬೆಲೆ ಎಷ್ಟು ಅಂತ ಆ ಗಾದೆ ಮಾಡಿದವರಿಗೆ ಗೊತ್ತಿತ್ತು.

ಈಗ ಮೆಕ್ಕೆಜೋಳವನ್ನು ನೋಡಿ. ಮೃಗಶಿರಕ್ಕೆ ಬಿತ್ತಿದ ಮೆಕ್ಕೆಜೋಳ ಐವತ್ತರಿಂದ ಅರವತ್ತು ದಿನಕ್ಕೆ ಸೂಲಂಗಿ ಹಾಕಿ ತೆನೆಯಲ್ಲಿ ರೇಷ್ಮೆಯಂತಹ ಎಳೆ ಬಿಡುತ್ತದೆ. ಆ ಹತ್ತು ಹದಿನೈದು ದಿನ ನೀರು ಬೇಕೇ ಬೇಕು. ಇಲ್ಲದಿದ್ದರೆ ಗಿಡ ಹಸಿರಾಗಿ ನಿಂತಿರುತ್ತದೆ, ತೆನೆ ಬಿಚ್ಚಿದರೆ ಕಾಳು ಇರುವುದಿಲ್ಲ. ಲೆಕ್ಕ ಹಾಕಿ: ಜೂನ್ ಎರಡನೇ ವಾರಕ್ಕೆ ಅರವತ್ತು ದಿನ ಸೇರಿಸಿದರೆ ಆಗಸ್ಟ್ ಎರಡನೇ ವಾರ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಮಳೆ ಚೆನ್ನಾಗಿ ಬಂದರೂ ಒಂದೇ ಬೆಳೆ ನಂಬಿದವರಿಗೆ ಇನ್ನೊಂದು ಕಷ್ಟ ಇದೆ. ಎಲ್ಲರದ್ದೂ ಒಂದೇ ತಿಂಗಳು ಮಾರುಕಟ್ಟೆಗೆ ಬರುತ್ತದೆ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಲೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಇಳಿದು ಗದಗ, ಹಾವೇರಿ ಕಡೆ ರೈತರು ಬೀದಿಗಿಳಿದದ್ದು ನೆನಪಿರಬಹುದು. ಮೆಕ್ಕೆಜೋಳ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಲ ಪೂರ್ತಿ ಅದೇ ಆಗಿದ್ದರೆ ಅಪಾಯ. ಅದನ್ನು ಸೊಪ್ಪಿನ ಹಾಗೆ ಕಿತ್ತು ಸಾರು ಮಾಡೋಕಾಗಲ್ಲ, ಮಾರಲೇಬೇಕು.

ರಾಗಿಯ ನಡತೆ ಬೇರೆ. ಬಿತ್ತಿ ಒಂದು ತಿಂಗಳಾದ ಪೈರು ಸ್ವಲ್ಪ ದಿನ ಬಾಡಿದರೂ ಮಳೆ ಬಿದ್ದ ಕೂಡಲೇ ಮತ್ತೆ ತೆಂಡೆ ಒಡೆಯುತ್ತದೆ. ತೆನೆ ಬರುವುದು ಹುಬ್ಬೆ, ಉತ್ತರೆ ಮಳೆ ಹೊತ್ತಿಗೆ. ಜೊತೆಗೆ, ಮಳೆ ತಡವಾದರೆ ತಳಿ ಬದಲಿಸುವ ಅವಕಾಶ ಇದೆ. ಜೂನ್, ಜುಲೈ ಮೊದಲ ಭಾಗದಲ್ಲಿ ಹದ ಸಿಕ್ಕರೆ ನಾಲ್ಕು ತಿಂಗಳಿನ ಎಂ.ಆರ್. 6ರಂತಹ ದೀರ್ಘಾವಧಿ ತಳಿ. ಜುಲೈ ಕೊನೆಯಾದರೆ ಜಿ.ಪಿ.ಯು. 28, ಆಗಸ್ಟ್ ಆಗಿಹೋದರೆ ನೂರು ದಿನದೊಳಗೆ ಬರುವ ಜಿ.ಪಿ.ಯು. 48. ತಡವಾದ ಮೇಲೆ ಉದ್ದ ಅವಧಿಯ ಬೀಜ ಹಾಕಿದರೆ ಕಾಳು ಕಟ್ಟುವಾಗ ಮಳೆ ನಿಂತಿರುತ್ತದೆ. ಆದ್ದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ತರುವಾಗ ಯಾವ ತಳಿ, ಎಷ್ಟು ದಿನದ್ದು ಅಂತ ಕೇಳಿ ತನ್ನಿ. ರಾಗಿ ಅಂದರೆ ಎಲ್ಲಾ ಒಂದೇ ಅಲ್ಲ.

2023ರಲ್ಲಿ ರಾಗಿಯೂ ಅನೇಕ ಕಡೆ ಸೋತಿತು, ಅದನ್ನು ಮುಚ್ಚಿಡಬಾರದು. ಅಂಥ ವರ್ಷಕ್ಕಾಗಿಯೇ ಅಕ್ಕಡಿ ಸಾಲು ಇರುವುದು. ಎಂಟು ಸಾಲು ರಾಗಿಗೆ ಒಂದೋ ಎರಡೋ ಸಾಲು ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು, ಜೋಳ, ನಡುವೆ ನಾಲ್ಕು ಸಾಸಿವೆ. ಕೂರಿಗೆ ಹಿಂದೆ ನಡೆಯುತ್ತಾ ಅಕ್ಕಡಿ ಬೀಜ ಬಿಡುವ ಕೆಲಸ ಹೆಣ್ಣುಮಕ್ಕಳದೇ ಆಗಿತ್ತು, ಯಾವ ಬೀಜ ಎಷ್ಟು ಅನ್ನುವ ತೀರ್ಮಾನವೂ ಬಹುಮಟ್ಟಿಗೆ ಅವರದೇ. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸದ ಜೊತೆ ತೀರ್ಮಾನವೂ ನಮ್ಮ ಕೈಯಿಂದ ಹೋಯಿತು.

ಅಕ್ಕಡಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಕಾಲ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಇರುತ್ತದೆ, ತೊಗರಿಯದು ಆಳಕ್ಕೆ ಇಳಿಯುತ್ತದೆ. ಹಾಗಾಗಿ ನೀರಿಗೆ ಅಷ್ಟಾಗಿ ಜಗಳ ಇಲ್ಲ. ರಾಗಿ ನವೆಂಬರ್ ಹೊತ್ತಿಗೆ ಕಟಾವಾದ ಮೇಲೆ ತೊಗರಿ, ಅವರೆಗೆ ಹೊಲ ಪೂರ್ತಿ ಬಿಟ್ಟಂತಾಗುತ್ತದೆ. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದೇ ಇಲ್ಲ. ಅದಕ್ಕೇ ಸೊಗಡಿನ ಕಾಯಿ ಚಳಿಗಾಲಕ್ಕೆ, ಡಿಸೆಂಬರ್ ಜನವರಿಗೆ ಬರುವುದು. ತೊಗರಿ, ಅವರೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಸ್ವಲ್ಪ ಬಿಟ್ಟುಹೋಗುತ್ತವೆ. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ, ಎಲ್ಲವೂ ಹೋಗುವುದು ಅಪರೂಪ. ಎಲ್ಲಾ ತಪ್ಪಿತು ಅಂದುಕೊಂಡ ವರ್ಷವೂ ಸೆಪ್ಟೆಂಬರ್ ಮಳೆಗೆ ಹುರುಳಿ ಚೆಲ್ಲಬಹುದು, ಅದಕ್ಕೆ ಗೊಬ್ಬರದ ಖರ್ಚೂ ಇಲ್ಲ.

ಇದೇ ಲೆಕ್ಕ ಎಲ್ಲಾ ಕಡೆಗೂ ಹೊಂದುವುದಿಲ್ಲ. ವಿಜಯಪುರ, ಗದಗ ಕಡೆಯ ಎರೆಭೂಮಿ ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ, ಕಡಲೆ, ಕುಸುಬೆ ಆಮೇಲೆ ಮಳೆ ಬರದಿದ್ದರೂ ಆ ತೇವದಲ್ಲೇ ಬೆಳೆಯುತ್ತವೆ. ಅದನ್ನು ನೋಡಿ ಕೆಂಪು ಮಣ್ಣಿನಲ್ಲಿ ನವೆಂಬರ್‌ಗೆ ಕಡಲೆ ಹಾಕಿದರೆ ಒಣಗುತ್ತದೆ. ಕರಾವಳಿಯ ಏಣೇಲು, ಸುಗ್ಗಿ, ಕೊಳಕೆ ಭತ್ತದ ಕಥೆ ಇನ್ನೂ ಬೇರೆ.

ಇನ್ನು ಸಾಲದ ವಿಷಯ. ಹಣ ಬೇಕಾಗುವುದು ಮೇ, ಜೂನ್, ಜುಲೈನಲ್ಲಿ. ಮಕ್ಕಳ ಶಾಲೆ ಖರ್ಚೂ ಆಗಲೇ. ಬೇಗ ಬಿತ್ತಿದ ಹೆಸರು, ಎಳ್ಳು ಇದ್ದರೆ ಜುಲೈ ಆಗಸ್ಟ್‌ಗೆ ಸ್ವಲ್ಪ ಕೈಗೆ ಸಿಗುತ್ತದೆ. ಇಲ್ಲದಿದ್ದರೆ ರಾಗಿ ಕಣ ಆಗುವವರೆಗೆ ಹೊಲದಿಂದ ಒಂದು ರೂಪಾಯಿ ಬರುವುದಿಲ್ಲ. ಅಂಥವರಿಗೆ ಜೂನ್‌ನಲ್ಲಿ ಸಾಲ ಕೊಟ್ಟು ಜುಲೈನಿಂದ ವಾರದ ಕಂತು ಕಟ್ಟಿ ಅಂದರೆ ಅವರು ಕಟ್ಟುತ್ತಾರೆ, ಆದರೆ ಇನ್ನೊಂದು ಕಡೆ ಸಾಲ ಮಾಡಿ. ಹಾಲು ಹಾಕುವವರಿಗೆ, ಕೂಲಿಗೆ ಹೋಗುವವರಿಗೆ ವಾರದ ಕಂತು ಸರಿ. ಬೆಳೆಗೆ ತೆಗೆದುಕೊಂಡ ಆಂತರಿಕ ಸಾಲಕ್ಕೆ ತಿಂಗಳು ತಿಂಗಳು ಬಡ್ಡಿ ಮಾತ್ರ, ಅಸಲು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಎರಡು ಮೂರು ಕಂತಿನಲ್ಲಿ ಅಂತ ಸಂಘದಲ್ಲಿ ಠರಾವು ಮಾಡಿ ನಡವಳಿ ಪುಸ್ತಕದಲ್ಲಿ ಬರೆಯಿರಿ. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ಕಂತಿಗೆ ಹೆದರಿ ಕಣದಲ್ಲೇ ದಲ್ಲಾಳಿಗೆ ಕೊಡುವವರಿಗೆ ಅದು ಸಿಗುವುದಿಲ್ಲ. ರಾಗಿಗೆ ಹುಳ ಬೀಳುವುದಿಲ್ಲ, ಮನೆಯಲ್ಲಿ ಇಟ್ಟು ಕಾಯಬಹುದು.

ಬೆಳೆ ವಿಮೆಗೆ ಮುಂಗಾರಿನ ಆಹಾರ ಬೆಳೆಗಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ, ಮೊದಲೇ ವಿಚಾರಿಸಿ. ಬೆಳೆ ಸಮೀಕ್ಷೆಗೆ ಬಂದಾಗ ರಾಗಿ ಅಂತ ಮಾತ್ರ ಬರೆಸಬೇಡಿ, ಅಕ್ಕಡಿ ಬೆಳೆಯನ್ನೂ ಬರೆಸಿ.

ಮುಂದಿನ ಸಭೆಗೆ ಒಂದು ದೊಡ್ಡ ಹಾಳೆ ತನ್ನಿ. ಹನ್ನೆರಡು ತಿಂಗಳು ಬರೆದು, ಪ್ರತಿಯೊಬ್ಬರ ಹೊಲದಲ್ಲಿ ಏನು ಯಾವಾಗ ಬಿತ್ತುತ್ತಾರೆ, ಯಾವಾಗ ಕೊಯ್ಯುತ್ತಾರೆ ಅಂತ ಗುರುತು ಹಾಕಿ. ಅಕ್ಷರ ಬಾರದವರು ಕಾಳನ್ನೇ ಇಡಲಿ. ನಾಟಿ ಅವರೆ ಬೀಜ, ಹುಚ್ಚೆಳ್ಳು ಯಾರ ಮನೆಯಲ್ಲಿ ಇದೆ ಅನ್ನುವುದನ್ನೂ ಅದೇ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ರೋಹಿಣಿ ಹುಟ್ಟುವ ಮೊದಲು ಅದು ಹಂಚಿಕೆ ಆಗಬೇಕು.