ಪಾಲು ಕೊಳ್ಳುವ ಮುನ್ನ ‘ಸಾತಬಾರಾ’ ನೋಡ್ರಿ

ಸಾಂಗಲಿ: ಭಿಶಿ ಗೊತ್ತಿಲ್ಲದ ಮನೆ ಸಾಂಗಲಿ–ಮಿರಜ ಕಡೆ ಕಡಿಮೆ. ಹತ್ತು ಮಂದಿ ಸೇರಿ ತಿಂಗಳಿಗಿಷ್ಟು ಹಾಕುವುದು, ಸರದಿ ಬಂದವರು ಎತ್ತಿಕೊಳ್ಳುವುದು. ಓಣಿಯ ಪರಿಚಯವೇ ಅದಕ್ಕೆ ಜಾಮೀನು. ಈಗ ಅದೇ ಧಾಟಿಯ ಮಾತು ಮೊಬೈಲಿನಲ್ಲಿ ಬರುತ್ತಿದೆ: “ಒಬ್ಬರಿಗೆ ಕಟ್ಟಡ ಕೊಳ್ಳಾಕ ಆಗೂದಿಲ್ರಿ, ನೂರು ಮಂದಿ ಕೂಡಿ ಕೊಳ್ಳೂಣು. ಬಾಡಿಗಿ ಸೀದಾ ನಿಮ್ಮ ಖಾತೆಕ್ಕ ಬರ್ತೈತಿ.”

ಕೂಡಿ ಕೊಳ್ಳುವುದು ತಪ್ಪಲ್ಲ. ದುಡ್ಡು ಯಾರ ಕೈಯಲ್ಲಿ, ಆಸ್ತಿ ಯಾರ ಹೆಸರಲ್ಲಿ ಎನ್ನುವಲ್ಲೇ ಕೆಲಸ ಕೆಡುವುದು.

ಪರ್ಲ್ಸ್ ಸಮೂಹದ ಪಿಎಸಿಎಲ್ ಕಂಪನಿಯನ್ನು ಮರೆತವರುಂಟೆ? ಕೃಷಿ ಜಮೀನು ಕೊಡಿಸುತ್ತೇವೆಂದು ಏಜೆಂಟರ ಮೂಲಕ ದೇಶದ 5.85 ಕೋಟಿ ಜನರಿಂದ ಅದು ಕಂತಿನ ಹಣ ಎತ್ತಿತು. ಇದು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಎಂದ ಸೆಬಿ, 2014ರ ಆಗಸ್ಟ್ 22ರಂದು 49,100 ಕೋಟಿ ರೂಪಾಯಿ ಮರಳಿಸಲು ಆದೇಶಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿ ರಚನೆಯಾಗಿ, ಕಂಪನಿಯ ಆಸ್ತಿ ಮಾರಿ ಹಣ ಹಂಚುವ ಕೆಲಸ ಶುರುವಾಯಿತು. ಮೊದಲು ಸಣ್ಣ ಮೊತ್ತದವರಿಗೆ, ನಂತರ ಉಳಿದವರಿಗೆ. ಮಗಳ ಮದುವೆಗೆಂದು ಕಂತು ಕಟ್ಟಿದವರಿಗೆ ಇಷ್ಟು ವರ್ಷ ಕಾಯುವುದೆಂದರೇನು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. “ಮೂಲ ಕಾಗದ ಕೊಡ್ರಿ, ದುಡ್ಡು ಬಿಡಿಸಿ ಕೊಡ್ತೀವಿ” ಎಂದು ಮನೆಗೆ ಬರುವವರ ಕೈಗೆ ಮಾತ್ರ ರಸೀದಿ ಕೊಡಬೇಡಿ. ಅಧಿಕೃತವಾಗಿ ಕೇಳುವ ತನಕ ಮೂಲ ಕಾಗದ ಯಾರಿಗೂ ಕೊಡಬಾರದೆಂದು ಸಮಿತಿಯೇ ಎಚ್ಚರಿಸಿದೆ.

ಕಾನೂನಿನ ದಾರಿಯೂ ಈಗ ಇದೆ. 2024ರ ಮಾರ್ಚ್‌ನಲ್ಲಿ ಸೆಬಿ ‘ಸಣ್ಣ ಮತ್ತು ಮಧ್ಯಮ ರೀಟ್’ ನಿಯಮ ತಂದಿತು. 50 ಕೋಟಿಯಿಂದ 500 ಕೋಟಿಯೊಳಗಿನ ಆಸ್ತಿ, ಕನಿಷ್ಠ 200 ಹೂಡಿಕೆದಾರರು, ಷೇರುಪೇಟೆಯಲ್ಲಿ ನೋಂದಣಿ. ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಚೇರಿ ಕಟ್ಟಡವೊಂದರ ಪಾಲುಗಳು ಹೀಗೆ 353 ಕೋಟಿಗೆ ಮಾರಾಟವಾದವು. ಆದರೆ ಆ ನಿಯಮ ಇಟ್ಟ ಕನಿಷ್ಠ ಹೂಡಿಕೆ 10 ಲಕ್ಷ. ಅಂದಮೇಲೆ ‘ಐದು ಸಾವಿರಕ್ಕೆ ಕಟ್ಟಡದ ಮಾಲೀಕರಾಗಿ’ ಎನ್ನುವವನಿಗೆ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ನೀವೇ ತಾಳೆ ನೋಡಿ.

ಹೊಲದ ಮಾತಾದರೆ ಗಡಿಯ ತೊಡಕು ಬೇರೆ. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಬಿಟ್ಟಿತು. ಮಹಾರಾಷ್ಟ್ರದಲ್ಲಿ ಅದಕ್ಕೆ ಸರ್ಕಾರದ ಅನುಮತಿ ಬೇಕು. ಕಾಗವಾಡದ ನೌಕರದಾರನಿಗೆ ಮ್ಹೈಸಾಳದ ಹೊಲದಲ್ಲಿ ‘ಪಾಲು’ ಮಾರುವವನು ಇದನ್ನು ತಾನಾಗಿ ಹೇಳುವುದಿಲ್ಲ. ಇಲ್ಲಿ ಸಾತಬಾರಾ, ಅಲ್ಲಿ ಪಹಣಿ, ಎರಡೂ ಮೊಬೈಲಿನಲ್ಲೇ ಸಿಗುತ್ತವೆ. ಖರೀದಿ ಆಗಿದೆಯೋ ಇಲ್ಲವೋ ಎಂಬುದು ಸಬ್ ರಿಜಿಸ್ಟ್ರಾರ್ ಕಚೇರಿಯ ‘ಇಂಡೆಕ್ಸ್ ಟು’ ಕಾಗದದಲ್ಲಿ ತಿಳಿಯುತ್ತದೆ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಮಹಾರೇರಾ ನಂಬರ್ ಕೇಳಿ. “ನಾಳೆ ಕಳಿಸ್ತೀನ್ರಿ” ಅಂದರೆ, ನಿಮ್ಮ ದುಡ್ಡೂ ನಾಳೆಯೇ ಇರಲಿ.