ಮನೆ ಚಂದಾಪುರದಲ್ಲಿ, ಓಟು ಊರಲ್ಲಿ

ಆನೇಕಲ್ ತಾಲ್ಲೂಕಿನ ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿಗಳನ್ನು ಹಳ್ಳಿಗಳಾಗಿಯೇ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ರಾಗಿ ಹೊಲದ ಪಕ್ಕ ಕಾರ್ಖಾನೆ ಬಂತು. ಕಾರ್ಖಾನೆಯ ಬೆನ್ನಿಗೆ ಬಾಡಿಗೆ ವಠಾರ, ವಠಾರದ ಬೆನ್ನಿಗೆ ಲೇಔಟು, ಲೇಔಟಿನ ಬೆನ್ನಿಗೆ ಅಪಾರ್ಟ್‌ಮೆಂಟು. ಗ್ರಾಮ ಪಂಚಾಯಿತಿಯ ಬೋರ್ಡು ಇಳಿದು ಪುರಸಭೆ, ನಗರಸಭೆಯ ಬೋರ್ಡು ಏರಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಕೂಡ ಬೊಮ್ಮಸಂದ್ರಕ್ಕೆ ಬಂದು ನಿಂತಿತು. ಬರಬೇಕಾದದ್ದೆಲ್ಲ ಬಂತು, ಬಂದವರಲ್ಲಿ ಅನೇಕರ ಓಟು ಮಾತ್ರ ಬರಲಿಲ್ಲ. ಅದು ಇನ್ನೂ ಹಾಸನದಲ್ಲೋ ಯಾದಗಿರಿಯಲ್ಲೋ ಅಜ್ಜನ ಮನೆ ನಂಬರಿನ ಎದುರು ಕೂತಿದೆ.

ಮತಗಟ್ಟೆ ಅಧಿಕಾರಿ, ಅಂದರೆ ಬಿಎಲ್‌ಒ, ಮನೆ ಮನೆಗೆ ಬರುವ ದಿನ ಇಂಥ ವಠಾರದ ಬಾಗಿಲಲ್ಲಿ ನಿಂತು ನೋಡಿ. ಅವರು ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಡಮ್ಮೋ ಆಗಿರುತ್ತಾರೆ.

“ಅಣ್ಣಾ, ನಿಮ್ಮ ಹೆಸರು ಲಿಸ್ಟಲ್ಲಿ ಇದೆಯಾ?”

“ನಮ್ದು ಊರಲ್ಲಿದೆ ಮೇಡಂ. ಇಲ್ಲಿ ನಾವು ಬಾಡಿಗೆಯವರು.”

ಈ ಒಂದು ಉತ್ತರದಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಮೊದಲು ಅವನ್ನೇ ಬಿಡಿಸೋಣ.

ತಪ್ಪು ಕಲ್ಪನೆ 1: ಓಟು ಹುಟ್ಟೂರಲ್ಲಿಯೇ ಇರಬೇಕು. ಬೇಕಿದ್ದರೆ ಇಲ್ಲೊಂದು, ಅಲ್ಲೊಂದು ಇಟ್ಟುಕೊಳ್ಳಬಹುದು

ಸತ್ಯ: ಹುಟ್ಟೂರಿಗೂ ಓಟಿಗೂ ಕಾನೂನಿನಲ್ಲಿ ನಂಟಿಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆ ನಾಗರಿಕರನ್ನು ಮುಖ್ಯವಾಗಿ ಕೇಳುವುದು ಎರಡೇ: ಹದಿನೆಂಟು ತುಂಬಿದೆಯೇ, ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿದ್ದೀರೇ. ದೇವರ ಕಾರ್ಯಕ್ಕೆ, ಹಬ್ಬಕ್ಕೆ, ಜಮೀನಿನ ಪಾಲಿಗೆ ಊರಿಗೆ ಹೋಗಿ ಬರುವುದು ವಾಸವಲ್ಲ. ನಿತ್ಯ ರಾತ್ರಿ ಎಲ್ಲಿ ಮಲಗಿ ಬೆಳಿಗ್ಗೆ ಎಲ್ಲಿಂದ ಕೆಲಸಕ್ಕೆ ಹೊರಡುತ್ತೀರೋ ಅದು ವಾಸ.

ಎರಡು ಕಡೆ ಹೆಸರಿಟ್ಟುಕೊಳ್ಳುವುದಂತೂ ಕೂಡದು. ಅದೇ ಕಾಯ್ದೆಯ 17ನೇ ಕಲಂ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರಬಾರದು ಎನ್ನುತ್ತದೆ, 18ನೇ ಕಲಂ ಒಂದೇ ಕ್ಷೇತ್ರದಲ್ಲಿ ಎರಡು ಸಲ ಇರಬಾರದು ಎನ್ನುತ್ತದೆ. ಪಟ್ಟಿಗೆ ಸೇರಲು ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಆದರೆ ಎರಡು ಕಡೆ ಹೆಸರಿರುವವರೆಲ್ಲ ಕಳ್ಳರಲ್ಲ. ಫಾರಂ ತಪ್ಪಿದ್ದರಿಂದಲೂ ಹೀಗಾಗುತ್ತದೆ. ಮನೆ ಬದಲಿಸಿದವರು ಹೊಸ ಜಾಗದಲ್ಲಿ ಫಾರಂ 6 ತುಂಬಿಬಿಡುತ್ತಾರೆ. ಫಾರಂ 6 ಇರುವುದು ಮೊದಲ ಸಲ ಹೆಸರು ಸೇರಿಸುವವರಿಗೆ. ಹೀಗೆ ಮಾಡಿದಾಗ ಹೊಸದು ಹುಟ್ಟುತ್ತದೆ, ಹಳೆಯದು ಊರಲ್ಲಿ ಹಾಗೆಯೇ ಉಳಿಯುತ್ತದೆ. ಮನೆ ಬದಲಿಸಿದವರು ತುಂಬಬೇಕಾದದ್ದು ಫಾರಂ 8. ಅದರಲ್ಲಿ ಹೆಸರು ಹಳೆಯ ಕ್ಷೇತ್ರದಿಂದ ಹೊಸದಕ್ಕೆ ವರ್ಗವಾಗುತ್ತದೆ, ಗುರುತಿನ ಚೀಟಿಯ ಸಂಖ್ಯೆ ಅದೇ ಇರುತ್ತದೆ. ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಚೀಟಿ, ಎಲ್ಲಕ್ಕೂ 2022ರ ಆಗಸ್ಟ್‌ನಿಂದ ಈ ಒಂದೇ ಫಾರಂ ಇದೆ.

ತಪ್ಪು ಕಲ್ಪನೆ 2: ಖಾತೆ ಇದ್ದವರಿಗೆ ಓಟು, ಬಾಡಿಗೆಯವರಿಗೆ ಇಲ್ಲ

ಸತ್ಯ: ಇದು ಪೂರಾ ತಲೆಕೆಳಗಾದ ನಂಬಿಕೆ. ಮನೆಯ ಒಡೆತನ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ವಾಸಿಯಾಗುವುದಿಲ್ಲ ಎಂದು 20ನೇ ಕಲಂ ಬಿಡಿಸಿ ಹೇಳುತ್ತದೆ. ಚಂದಾಪುರದಲ್ಲಿ ಮೂರು ಸೈಟು ಮಾಡಿ, ಪ್ರತಿ ವರ್ಷ ತಪ್ಪದೆ ಕಂದಾಯ ಕಟ್ಟಿ, ಜಯನಗರದಲ್ಲಿ ಸಂಸಾರ ಹೂಡಿರುವವರ ಓಟು ಜಯನಗರದ್ದು. ಅವರು ಚಂದಾಪುರದ ಸೈಟಿನಲ್ಲಿ ಕಟ್ಟಿಸಿದ ಮನೆಯ ಮಹಡಿಯ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು ಪಾಳಿಯ ಮೇಲೆ ಕಾರ್ಖಾನೆಗೆ ಹೋಗುವ ಹುಡುಗನ ಓಟು ಚಂದಾಪುರದ್ದು.

ಖಾತೆ ತೆರಿಗೆಯ ಲೆಕ್ಕ, ರೇಷನ್ ಕಾರ್ಡು ಪಡಿತರದ ಲೆಕ್ಕ. ಇವು ತಾವಾಗಿ ಯಾರನ್ನೂ ಮತದಾರರನ್ನಾಗಿ ಮಾಡುವುದಿಲ್ಲ. ವಿಳಾಸದ ದಾಖಲೆಯಾಗಿ ಗ್ಯಾಸ್, ಕರೆಂಟು ಅಥವಾ ನೀರಿನ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು ಮುಂತಾದವು ನಡೆಯುತ್ತವೆ. ಆಧಾರ್ ಕೊಡಬಹುದು, ಆದರೆ ಸಂಖ್ಯೆ ಕೊಡಲೇಬೇಕೆಂಬ ಕಡ್ಡಾಯವಿಲ್ಲ. 2023ರಲ್ಲಿ ಚುನಾವಣಾ ಆಯೋಗವೇ ಸುಪ್ರೀಂ ಕೋರ್ಟಿನ ಮುಂದೆ ಇದನ್ನು ಒಪ್ಪಿಕೊಂಡಿದೆ. ಬಾಡಿಗೆ ಕರಾರು ಮಾಡಿಕೊಡಲು ಮಾಲೀಕರು ಒಪ್ಪದಿದ್ದರೆ? ಬಿಎಲ್‌ಒ ಬಂದು ವಿಚಾರಿಸಿ, ನೀವು ಅಲ್ಲಿ ಇರುವುದು ನಿಜ ಎಂದು ವರದಿ ಕೊಡುವ ದಾರಿಯಿದೆ. ತಲೆಯ ಮೇಲೆ ಸೂರಿಲ್ಲದವರ ವಿಷಯದಲ್ಲೂ ಹಾಗೆಯೇ, ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು. ಕಾನೂನು ಹುಡುಕುವುದು ಮನುಷ್ಯನನ್ನು, ಮನೆಯ ಪತ್ರವನ್ನಲ್ಲ.

ತಪ್ಪು ಕಲ್ಪನೆ 3: ಓಟರ್ ಐಡಿ ಕೈಲಿದ್ದರೆ ಸಾಕು. ಹೆಸರಿಲ್ಲದಿದ್ದರೂ “ಚಾಲೆಂಜ್ ಓಟು” ಹಾಕಬಹುದು

ಸತ್ಯ: ಚೀಟಿ ಗುರುತಿಗೆ, ಹಕ್ಕು ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಮರೆತು ಬಂದರೆ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಪಾಸ್‌ಬುಕ್ಕಿನಂಥ ದಾಖಲೆ ತೋರಿಸಿ ಓಟು ಹಾಕಬಹುದು. ಚೀಟಿ ಇದ್ದು ಹೆಸರಿಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಚುನಾವಣೆ ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಹೆಸರಿಲ್ಲದಿದ್ದರೆ ಸೆಕ್ಷನ್ 49ಎ ಹೇಳಿ ಚಾಲೆಂಜ್ ಓಟು ಕೇಳಿ, ಟೆಂಡರ್ ಓಟು ಶೇ 14 ದಾಟಿದರೆ ಮರುಮತದಾನ. ಇದರಲ್ಲಿ ಅರ್ಧ ಅಪಾರ್ಥ, ಇನ್ನರ್ಧ ಕಟ್ಟುಕತೆ. ಲೋಕಸಭೆ, ವಿಧಾನಸಭೆ ಚುನಾವಣೆಗಳನ್ನು ನಡೆಸುವ 1961ರ ನಿಯಮಗಳಲ್ಲಿ ಚಾಲೆಂಜ್ ಎಂದರೆ ಬೂತಿನಲ್ಲಿ ಕೂತ ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು “ಇವರು ಆ ವ್ಯಕ್ತಿ ಅಲ್ಲ” ಎಂದು ತಕರಾರು ತೆಗೆಯುವುದು. ಟೆಂಡರ್ ಓಟು ಎಂದರೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿ ಹೋಗಿದ್ದರೆ ನಿಮಗೆ ಕೊಡುವ ಮತಪತ್ರ. ಅದನ್ನು ಲಕೋಟೆಯಲ್ಲಿ ಬೇರೆಯಾಗಿ ಇಡುತ್ತಾರೆ, ಮಾಮೂಲಿ ಎಣಿಕೆಗೆ ಸೇರಿಸುವುದಿಲ್ಲ. ಎರಡಕ್ಕೂ ಮೊದಲು ಹೆಸರು ಪಟ್ಟಿಯಲ್ಲಿರಬೇಕು. ಶೇ 14ರ ನಿಯಮ ಎಂಬುದೇ ಇಲ್ಲ.

ತಪ್ಪು ಕಲ್ಪನೆ 4: ಎರಡು ಸಲ ಓಟು ಹಾಕದಿದ್ದರೆ ಹೆಸರು ತೆಗೆಯುತ್ತಾರೆ

ಸತ್ಯ: ಇಲ್ಲ. ಹತ್ತು ವರ್ಷ ಬೂತಿನ ಮುಖ ನೋಡದಿದ್ದರೂ ಆ ಕಾರಣಕ್ಕೆ ಹೆಸರು ಹೋಗುವುದಿಲ್ಲ. ಹೆಸರು ತೆಗೆಯಲು ಕಾರಣಗಳೇ ಬೇರೆ: ಸಾವು, ಬೇರೆ ಕಡೆಗೆ ವಾಸ ಬದಲಾವಣೆ, ಎರಡು ಕಡೆ ನೋಂದಣಿ, ಅರ್ಹತೆ ಇಲ್ಲದಿರುವುದು. ವಾಸವಿಲ್ಲವೆಂದು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು.

ಈ ಬಡಾವಣೆಗಳಲ್ಲಿ ನಿಜವಾದ ಅಪಾಯ ಬೇರೆ. ಹನ್ನೊಂದು ತಿಂಗಳ ಕರಾರು ಮುಗಿದು ಎರಡು ಬೀದಿ ಆಚೆಗೆ ಮನೆ ಬದಲಿಸುತ್ತೀರಿ, ಬಿಎಲ್‌ಒ ಹಳೆಯ ಬಾಗಿಲು ತಟ್ಟುತ್ತಾರೆ, ಹೊಸ ಬಾಡಿಗೆಯವರು “ಅವರು ಖಾಲಿ ಮಾಡಿದರು” ಎನ್ನುತ್ತಾರೆ. ಮಾತು ನಿಜ, ಬರವಣಿಗೆಯೂ ನಿಜ. ನೋಟಿಸು ಹಳೆಯ ವಿಳಾಸಕ್ಕೇ ಹೋಗುತ್ತದೆ. ಗ್ಯಾಸ್ ಸಂಪರ್ಕ ವರ್ಗಾಯಿಸುವ ದಿನವೇ ಓಟನ್ನೂ ವರ್ಗಾಯಿಸಿದರೆ ಈ ಪೇಚಾಟ ಇರುವುದಿಲ್ಲ.

ತಪ್ಪು ಕಲ್ಪನೆ 5: ಪುರಸಭೆ ಚುನಾವಣೆಗೆ ಬೇರೆ ಪಟ್ಟಿ, ಆಗ ಅವರೇ ಬಂದು ಬರೆದುಕೊಳ್ಳುತ್ತಾರೆ

ಸತ್ಯ: ಚುನಾವಣೆ ನಡೆಸುವವರು ಬೇರೆ ಎಂಬುದು ಸರಿ. ಲೋಕಸಭೆ, ವಿಧಾನಸಭೆ ಭಾರತ ಚುನಾವಣಾ ಆಯೋಗದ ಪಾಲು. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗಿನದು, ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ಬೆನ್ನಿಗೆ 1993ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಚುನಾವಣಾ ಆಯೋಗದ ಪಾಲು. ಆದರೆ ವಿಧಾನಸಭೆಯ ಪಟ್ಟಿಯನ್ನೇ ತಳಹದಿಯಾಗಿ ಇಟ್ಟುಕೊಂಡು ವಾರ್ಡುಗಳಿಗೆ ಹಂಚುವುದು ನಮ್ಮಲ್ಲಿ ನಡೆದುಬಂದ ಕ್ರಮ. ಬಾವಿಯಲ್ಲಿ ಇಲ್ಲದ್ದು ಬಕೆಟ್ಟಿಗೆ ಬರುವುದಿಲ್ಲ. ಊರಿನ ಗ್ರಾಮ ಪಂಚಾಯಿತಿಗೂ ಇದೇ ಕ್ರಮವಾದ್ದರಿಂದ “ಪಂಚಾಯಿತಿ ಓಟು ಊರಲ್ಲಿ, ಎಮ್ಮೆಲ್ಲೆ ಓಟು ಇಲ್ಲಿ” ಎಂಬ ಹಂಚಿಕೆಯೂ ನಡೆಯದು.

ಹಂಚುವಾಗಲೂ ಎಡವಟ್ಟಾಗುತ್ತದೆ. ಲೇಔಟಿನ ಒಂದು ಅಡ್ಡರಸ್ತೆ ಪಕ್ಕದ ವಾರ್ಡಿಗೆ ಜಿಗಿಯಬಹುದು, ಗಂಡ ಒಂದು ವಾರ್ಡಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಕಾಣಿಸಿಕೊಳ್ಳಬಹುದು. ಇದಕ್ಕಾಗಿಯೇ ವಾರ್ಡಿನ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಅಭ್ಯರ್ಥಿಗಳ ಕಡೆಯವರು ಅದನ್ನು ಸಾಲು ಸಾಲಾಗಿ ಓದುತ್ತಾರೆ. ಓದದವರು ಮತದಾರರು.

ತಪ್ಪು ಕಲ್ಪನೆ 6: ಚುನಾವಣೆ ಘೋಷಣೆಯಾಗಲಿ, ಆಗ ಸೇರಿಸಿದರಾಯಿತು

ಸತ್ಯ: ಮದುವೆಯ ದಿನ ಭತ್ತ ಬಿತ್ತಿದಂತೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿ ಮುಟ್ಟುವಂತಿಲ್ಲ. ಅರ್ಜಿ, ಪರಿಶೀಲನೆ, ಆಕ್ಷೇಪಣೆಗಳಿಗೆ ಬೇಕಾದ ದಿನಗಳನ್ನು ಅದರಿಂದ ಕಳೆದರೆ ಕೈಗೆ ಉಳಿಯುವುದು ಕೆಲವೇ ದಿನ. ಸ್ಥಳೀಯ ಚುನಾವಣೆಯಲ್ಲೂ ವಾರ್ಡಿನ ಪಟ್ಟಿ ಮತದಾನಕ್ಕಿಂತ ಎಷ್ಟೋ ಮೊದಲು ಅಂತಿಮವಾಗಿರುತ್ತದೆ.

ಹರೆಯದವರ ಮನೆಗಳಲ್ಲಿ ಇನ್ನೊಂದು ಹಳೆಯ ಮಾತಿದೆ: ಜನವರಿ ಒಂದಕ್ಕೆ ಹದಿನೆಂಟು ಆಗಿರಬೇಕು, ಇಲ್ಲವಾದರೆ ಒಂದು ವರ್ಷ ಕಾಯಬೇಕು. ಮತದಾನದ ವಯಸ್ಸು 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದ ಮೇಲೂ ಬಹುಕಾಲ ಇದೇ ನಿಯಮವಿತ್ತು. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಒಂದನೇ ತಾರೀಕು, ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಏನೇ ಅನುಮಾನವಿದ್ದರೂ ಕೇಳಲು 1950 ಎಂಬ ಸಹಾಯವಾಣಿಯಿದೆ.

ತಪ್ಪು ಕಲ್ಪನೆ 7: ಪೇಟೆಯವರು ಸೋಮಾರಿಗಳು, ಅದಕ್ಕೇ ಮತದಾನ ಕಡಿಮೆ

ಸತ್ಯ: ಸೋಮಾರಿತನ ಇಲ್ಲವೆನ್ನುವಂತಿಲ್ಲ. ಆದರೆ ಅಂಕಿಯನ್ನು ಓದುವ ಮೊದಲು ಅದರ ಛೇದವನ್ನು ನೋಡಬೇಕು. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನ ದಕ್ಷಿಣ, ಕೇಂದ್ರ, ಉತ್ತರ ಕ್ಷೇತ್ರಗಳಲ್ಲಿ ಶೇ 53–54ರ ಆಸುಪಾಸು ಮತದಾನವಾಯಿತು. ಆನೇಕಲ್ ಸೇರಿರುವ ಬೆಂಗಳೂರು ಗ್ರಾಮಾಂತರದಲ್ಲಿ ಶೇ 68ರಷ್ಟು. ಶೇಕಡಾವಾರು ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ತೀರಿಹೋದವರು, ಮನೆ ಬಿಟ್ಟವರು, ಎರಡೆರಡು ಸಲ ಇರುವವರು ಪಟ್ಟಿಯಲ್ಲಿ ಉಳಿದಷ್ಟೂ ಛೇದ ಊದುತ್ತದೆ, ಶೇಕಡಾ ಕುಗ್ಗುತ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ಬಾಡಿಗೆಯವರು ಈ ಲೆಕ್ಕದ ಯಾವ ಸಾಲಿನಲ್ಲೂ ಬರುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಹಾಸನ, ಕಲಬುರಗಿ ಬಸ್ಸಿಗೆ ಮುಗಿಬೀಳುವ ಜನ ಓಟು ಹಾಕಲೆಂದೇ ರಾತ್ರಿಯಿಡೀ ಪ್ರಯಾಣ ಮಾಡುತ್ತಾರೆ. ಅವರನ್ನು ಸೋಮಾರಿಗಳೆನ್ನಲು ಬಾಯಿ ಬರುವುದಿಲ್ಲ. ಅವರ ಓಟು ದೂರದಲ್ಲಿದೆ, ಅಷ್ಟೇ. ವಿಧಾನಸಭೆಗೆ, ಲೋಕಸಭೆಗೆ ಆ ಪ್ರಯಾಣ ಮಾಡುವವರು ಚಂದಾಪುರದ ಪುರಸಭೆ ಚುನಾವಣೆಯ ದಿನ ಚಂದಾಪುರದಲ್ಲೇ ಇರುತ್ತಾರೆ, ಓಟು ಮಾತ್ರ ಇರುವುದಿಲ್ಲ.

ತಪ್ಪು ಕಲ್ಪನೆ 8: ವಾರ್ಡಿನ ಓಟು ಸಣ್ಣದು, ನಮ್ಮದೊಂದರಿಂದ ಏನಾಗುತ್ತದೆ?

ಸತ್ಯ: ಸಣ್ಣದಾದ್ದರಿಂದಲೇ ಅದರ ತೂಕ ಹೆಚ್ಚು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಓಟಿನಿಂದ. 2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು 16 ಓಟುಗಳ ಮೇಲೆ. ಇವು ಲಕ್ಷದ ಲೆಕ್ಕದಲ್ಲಿ ಮತದಾರರಿರುವ ಕ್ಷೇತ್ರಗಳು. ಪುರಸಭೆಯ ವಾರ್ಡಿನಲ್ಲಿ ಇರುವುದೇ ಕೆಲವು ಸಾವಿರ ಹೆಸರು. ಒಂದು ವಠಾರ, ಒಂದು ಅಪಾರ್ಟ್‌ಮೆಂಟು ಅಲ್ಲಿ ಗೆಲುವು ಸೋಲನ್ನು ಅತ್ತಿತ್ತ ಮಾಡಬಲ್ಲದು. ಅಧ್ಯಕ್ಷರನ್ನು ನಾವು ನೇರವಾಗಿ ಆರಿಸುವುದಿಲ್ಲ, ಗೆದ್ದ ಸದಸ್ಯರು ಮತ್ತು ಅಲ್ಲಿನ ಶಾಸಕ, ಸಂಸದರು ಆರಿಸುತ್ತಾರೆ. ಹಾಗಾಗಿ ಪಟ್ಟಣದ ಆಡಳಿತದ ಮೇಲೆ ನಮಗಿರುವ ನೇರ ಹಿಡಿತ ಆ ಒಂದು ವಾರ್ಡಿನ ಓಟು ಮಾತ್ರ.

ಕೊಳವೆಬಾವಿ ಬತ್ತಿದಾಗ ಟ್ಯಾಂಕರು ಯಾವ ಬೀದಿಗೆ ಮೊದಲು ಬರಬೇಕು, ಯಾವ ಚರಂಡಿಯ ಹೂಳು ತೆಗೆಯಬೇಕು, ಯಾವ ಕಂಬದ ದೀಪ ಉರಿಯಬೇಕು ಎಂಬ ಮಾತು ಬರುವುದು ದೆಹಲಿಯಲ್ಲಲ್ಲ, ವಿಧಾನಸೌಧದಲ್ಲೂ ಅಲ್ಲ. ಅದು ಪುರಸಭೆಯ ಸಭೆಯಲ್ಲಿ ಬರುತ್ತದೆ. ಅಲ್ಲಿ ಕೂತ ಸದಸ್ಯರ ಕೈಯಲ್ಲಿ ವಾರ್ಡಿನ ಪಟ್ಟಿ ಇರುತ್ತದೆ. ಮುನ್ನೂರು ಜನ ವಾಸವಿರುವ ಬೀದಿಯಲ್ಲಿ ಮೂವತ್ತು ಓಟು ಇದ್ದರೆ, ಆ ಪಟ್ಟಿ ಓದುವವರಿಗೆ ಅದು ಮೂವತ್ತು ಜನರ ಬೀದಿ.

ಬಿಎಲ್‌ಒ ಮೇಡಂ ಮತ್ತೆ ಬರುತ್ತಾರೆ. ಅವರ ಚೀಲದಲ್ಲಿ ಫಾರಂ 8 ಇರುತ್ತದೆ. ಊರಲ್ಲಿ ಅಜ್ಜನ ಮನೆ ಇರಲಿ, ಜಾತ್ರೆ ಇರಲಿ, ಪಾಲಿನ ಜಮೀನೂ ಇರಲಿ. ಟ್ಯಾಂಕರಿಗಾಗಿ ಬಿಂದಿಗೆ ಇಡುವ ಬೀದಿಯ ಹೆಸರನ್ನು ಫಾರಮ್ಮಿನ ವಿಳಾಸದ ಸಾಲಿನಲ್ಲಿ ಬರೆದುಕೊಟ್ಟರೆ ಸಾಕು.